ಬಾಗಿಲ ಹೊರಗೆ ಕುಳಿತ ತಾಯಂದಿರು

ಯುದ್ಧವೆಂದೊಡನೆ ನಮಗೆ ಸೈನಿಕರು ನೆನಪಾಗುತ್ತಾರೆ, ಸಂಧಾನವೆಂದೊಡನೆ ರಾಜಕಾರಣಿಗಳು. ಮನೆ-ಮಕ್ಕಳನ್ನು ಕಳೆದುಕೊಂಡ ಹೆಣ್ಣುಮಗಳು ನಮ್ಮ ಕಣ್ಣಿಗೆ ಕೇವಲ ಕರುಣೆಗೆ ಪಾತ್ರಳು. ಈ ಎಣಿಕೆ ಎಷ್ಟು ಅಪೂರ್ಣವೆಂಬುದನ್ನು ಪಶ್ಚಿಮ ಆಫ್ರಿಕಾದ ಲೈಬೀರಿಯ ದೇಶದ ಮಹಿಳೆಯರು ತೋರಿಸಿಕೊಟ್ಟಿದ್ದಾರೆ.

1989ರಲ್ಲಿ ಅಲ್ಲಿ ಹೊತ್ತಿಕೊಂಡ ಅಂತರ್ಯುದ್ಧವು ನಡುವೆ ತುಸು ಬಿಡುವು ಕೊಟ್ಟು 2003ರವರೆಗೂ ಉರಿಯಿತು. ಸುಮಾರು ಎರಡೂವರೆ ಲಕ್ಷ ಜನರು ಮಡಿದರೆಂದು ಅಂದಾಜು. ಎಳೆಯರ ಕೈಗೆ ಬಂದೂಕು ಬಂದಿತು. ಸ್ತ್ರೀಯರ ಮಾನಪ್ರಾಣಗಳಿಗೆ ರಕ್ಷಣೆಯಿಲ್ಲವಾಯಿತು. 2003ರಲ್ಲಿ ಲೇಮಾ ಬೋವಿ ಎಂಬ ತಾಯಿಯ ಮುಂದಾಳುತನದಲ್ಲಿ ಕ್ರೈಸ್ತ ಹಾಗೂ ಮುಸ್ಲಿಂ ಮಹಿಳೆಯರು ಒಂದುಗೂಡಿದರು. ಬಿಳಿಯ ಉಡುಪು ಧರಿಸಿ, ರಾಜಧಾನಿ ಮನ್ರೋವಿಯದ ಮೀನು ಮಾರುಕಟ್ಟೆಯ ಬಳಿ ಬಿಸಿಲು-ಮಳೆಯೆನ್ನದೆ ಕುಳಿತು ಶಾಂತಿಗಾಗಿ ಪ್ರಾರ್ಥಿಸಿದರು.

ಘಾನಾ ದೇಶದ ಅಕ್ರಾದಲ್ಲಿ ಸಂಧಾನ ಆರಂಭವಾಗಿ ವಾರಗಳುರುಳಿದರೂ ಫಲ ಕಾಣಲಿಲ್ಲ. ಆಗ ಈ ಮಹಿಳೆಯರು ಸಭಾಭವನದ ಬಾಗಿಲಿಗೆ ಅಡ್ಡಲಾಗಿ ಕುಳಿತು, ಒಳಗಿದ್ದವರನ್ನು ಹೊರಬಿಡೆವೆಂದರು. ಕಾವಲುಗಾರರು ಬಂಧಿಸಲು ಬಂದಾಗ ಲೇಮಾ ತಮ್ಮ ಉಡುಪನ್ನೇ ಕಳಚಲು ಮುಂದಾದರು. ತಾಯಿಯಾದವಳು ಹಾಗೆ ಮಾಡಿದರೆ ಅದು ಘೋರ ಶಾಪವೆಂಬುದು ಆ ಸೀಮೆಯ ನಂಬಿಕೆ. ಬಂಧಿಸಲು ಯಾರಿಗೂ ಧೈರ್ಯ ಬರಲಿಲ್ಲ. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೂವರು ಮಹಿಳೆಯರಲ್ಲಿ ಲೇಮಾ ಒಬ್ಬರು.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದಿದೆ. ಯುದ್ಧಕಾಲದಲ್ಲಿ ಸ್ತ್ರೀಯರಿಗೆ ರಕ್ಷಣೆಯೂ ಶಾಂತಿಯ ಮಾತುಕತೆಗಳಲ್ಲಿ ಸ್ಥಾನವೂ ದೊರೆಯಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2000ದ ಅಕ್ಟೋಬರ್ 31ರಂದೇ ತನ್ನ 1325ನೆಯ ಗೊತ್ತುವಳಿಯಲ್ಲಿ ಸಾರಿತ್ತು. ಆದರೂ ಮೂರು ವರ್ಷಗಳ ಬಳಿಕ ಈ ತಾಯಂದಿರು ಬಾಗಿಲ ಹೊರಗೇ ಕುಳಿತಿದ್ದರು!

ರಕ್ಷಣೆಯ ಕಾರ್ಯದಲ್ಲಿ ನಮ್ಮ ದೇಶದ ಪಾಲೂ ಉಂಟು. 2007ರಲ್ಲಿ ಭಾರತವು ಕೇಂದ್ರ ಮೀಸಲು ಪೊಲೀಸ್ ಪಡೆಯ ನೂರಕ್ಕೂ ಹೆಚ್ಚು ಮಹಿಳೆಯರ ತುಕಡಿಯನ್ನು ಲೈಬೀರಿಯಕ್ಕೆ ಕಳುಹಿಸಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಇಂತಹ ಮಹಿಳಾ ತುಕಡಿ ಅದೇ ಮೊದಲು. 2016ರವರೆಗೆ ಒಂದರ ಬಳಿಕ ಒಂದು ತಂಡ ಅಲ್ಲಿ ಗಸ್ತು ತಿರುಗಿತು. ಸಮವಸ್ತ್ರ ಧರಿಸಿದ ಈ ಸೋದರಿಯರನ್ನು ಕಂಡು ಅಲ್ಲಿನ ಹೆಣ್ಣುಮಕ್ಕಳೂ ಪೊಲೀಸ್ ಸೇವೆಗೆ ಸೇರಲು ಮುಂದಾದರು.

ಕಾಯುವುದೆಂದರೆ ಬರಿಯ ಕಾವಲಲ್ಲ. ಕಾಯಲ್ಪಡುವವರ ಮಾತಿಗೆ ಬೆಲೆ ಕೊಡುವುದೂ ಹೌದು. ಮನೆಯ ಕಲಹ ಬಗೆಹರಿಸಲು ಹಿರಿಯರು ಕುಳಿತಾಗ, ಆ ಕಲಹದಿಂದ ಹೆಚ್ಚು ನೊಂದ ಹೆಣ್ಣುಮಗಳನ್ನು ನಾವು ಎಲ್ಲಿ ಕುಳ್ಳಿರಿಸುತ್ತೇವೆ? ಓದುಗರು ಆಲೋಚಿಸಬೇಕು.