ನೆಲದ ಮೇಲೆ ಸಿಗದ ಸ್ನ್ಯಾಗ್

ಹ್ಯಾಂಗರಿನ ತಗಡಿನ ಮಾಡು ಮಧ್ಯಾಹ್ನದ ಬಿಸಿಲಿಗೆ ಕಾದಿದೆ. ಸೆಸ್ನಾ 172ರ ಮುಂದಿನ ಸೀಟುಗಳು ಬಿಚ್ಚಿಕೊಂಡು ಹೊರಗೆ ಬಿದ್ದಿವೆ. ಆ ಜಾಗದಲ್ಲಿ ತಂತ್ರಜ್ಞ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಪ್ಯಾನೆಲ್ಲಿನ ಅಡಿಯ ತಂತಿಗಳ ಗೋಜಲಿನೊಳಗೆ ಕೈ ತೂರಿಸಿದ್ದಾನೆ. ರೆಕ್ಕೆಯ ನೆರಳಲ್ಲಿ ಲಾಗ್‌ಬುಕ್ಕು ತೆರೆದಿದೆ. ‘ವಿಓಆರ್ ಆಗಾಗ ಕೈಕೊಡುತ್ತದೆ’ ಎಂದು ಪೈಲಟ್ ಸ್ನ್ಯಾಗ್ (ದೋಷ) ಬರೆದಿದ್ದಾನೆ. ಕೆಳಗಿನ ಸಾಲು ಹ್ಯಾಂಗರಿನವರದು: ‘ನೆಲದ ಮೇಲೆ ಪರೀಕ್ಷಿಸಿದೆ, ಸರಿಯಿದೆ.’ ಇಬ್ಬರೂ ಸುಳ್ಳು ಹೇಳಿಲ್ಲ.

ವಿಓಆರ್ ಎಂಬ ದಾರಿತೋರುವ ರೇಡಿಯೊ ಕೇಂದ್ರಗಳು 108ರಿಂದ 117.95 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ ದಿಕ್ಕು ಸಾರುತ್ತವೆ. ಬಾಲದ ನೆತ್ತಿಯ ಮೇಲೆ ಬೆಕ್ಕಿನ ಮೀಸೆಯಂತೆ ಚಾಚಿಕೊಂಡ ಆಂಟೆನಾ ಅದನ್ನು ಹಿಡಿದು, ವಿಮಾನದ ಒಡಲುದ್ದಕ್ಕೂ ಹಾದ ಕೇಬಲ್ಲಿನ ಮೂಲಕ ರೇಡಿಯೊಗೆ ಕಳಿಸುತ್ತದೆ. ಆರಿಸಿದ ಹಾದಿಯಿಂದ 10 ಡಿಗ್ರಿ ಸರಿದರೆ ಪ್ಯಾನೆಲ್ಲಿನ ಸೂಚಕದ ಮುಳ್ಳು ಅಂಚಿಗೆ ಹೋಗಿ ನಿಲ್ಲುತ್ತದೆ. ಸಂಕೇತ ಸಾಲದಾದರೆ ಎಚ್ಚರಿಕೆಯ ಫ್ಲ್ಯಾಗ್ ಇಣುಕುತ್ತದೆ.

ಈಗ ಟೆಸ್ಟ್ ಸೆಟ್ ಸಂಕೇತ ಬಿಡುತ್ತಿದೆ, ಮುಳ್ಳು ಅಲುಗುತ್ತಿಲ್ಲ. ತಂತ್ರಜ್ಞ ಮೊದಲು ವಿಮಾನದಲ್ಲಿರುವ ಎರಡೂ ರೇಡಿಯೊಗಳನ್ನು ಅದಲುಬದಲು ಮಾಡುತ್ತಾನೆ. ದೋಷ ಪೆಟ್ಟಿಗೆಯ ಜೊತೆ ಹೋದರೆ ಪೆಟ್ಟಿಗೆಯದು, ಇದ್ದಲ್ಲೇ ಉಳಿದರೆ ತಂತಿಯದು. ಎರಡೂ ಒಟ್ಟಿಗೆ ಸತ್ತರೆ ಆಂಟೆನಾ, ವಿದ್ಯುತ್ತು, ಅರ್ಥಿಂಗ್ ನೋಡಬೇಕು. ಆಮೇಲೆ ಬ್ಲೋವರಿನಿಂದ ಬಿಸಿಗಾಳಿ, ಕೋಲ್ಡ್ ಸ್ಪ್ರೇಯಿಂದ ಚಳಿ. ಆಕಾಶದ ಬಿಸಿ, ತಂಪು, ನಡುಕ ಎಲ್ಲವನ್ನೂ ಹ್ಯಾಂಗರಿನೊಳಗೇ ಹುಟ್ಟಿಸಬೇಕು. ಬಾಲದ ಬಳಿ ಏಣಿ ಹತ್ತಿದ ಸಹಾಯಕ ಕನೆಕ್ಟರನ್ನು ಬೆರಳ ತುದಿಯಿಂದ ಅಲ್ಲಾಡಿಸುತ್ತಾನೆ.

ಮುಳ್ಳು ಹಾರುತ್ತದೆ, ಫ್ಲ್ಯಾಗ್ ಬೀಳುತ್ತದೆ. ‘ಇನ್ನೊಂದ್ಸಲ!’ ಒಳಗಿನಿಂದ ಕೂಗು.

ಕನೆಕ್ಟರ್ ಬಿಚ್ಚಿದರೆ ಮಳೆನೀರು ಇಳಿದು ಹಸಿರುಗಟ್ಟಿದ ತಾಮ್ರ. ಕೇಬಲ್ಲಿನ ಹೊರಹೆಣಿಗೆಯಲ್ಲಿ ಕೆಲವೇ ಎಳೆಗಳು ಕಚ್ಚಿಕೊಂಡಿವೆ. ನಿಂತಾಗ ಅವು ತಾಗಿರುತ್ತವೆ, ಹಾರಾಟದ ನಡುಕಕ್ಕೆ ಬಿಟ್ಟುಹೋಗುತ್ತವೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿದರೆ ಕೆಲಸ ಮುಗಿಯಿತು.

ಮುಳ್ಳಿನ ಎಲ್ಲ ನಡುಕವೂ ಕೇಬಲ್ಲಿನದಲ್ಲ. ಪ್ರೊಪೆಲ್ಲರ್ ಕೆಲವು ವೇಗಗಳಲ್ಲಿ ತಿರುಗುವಾಗ ಮುಳ್ಳು 6 ಡಿಗ್ರಿಯವರೆಗೂ ತೂಗಾಡುವುದುಂಟು. ಆರ್‌ಪಿಎಂ ತುಸು ಬದಲಿಸಿದರೆ ಸುಮ್ಮನಾಗುತ್ತದೆ. ಅದನ್ನು ಪೈಲಟ್ ಆಕಾಶದಲ್ಲೇ ನೋಡಿಕೊಳ್ಳಬಹುದು.

ಆದ್ದರಿಂದ ಪೈಲಟ್ಟುಗಳಲ್ಲಿ ಒಂದು ಮನವಿ: ಲಾಗ್‌ಬುಕ್ಕಿನಲ್ಲಿ ‘ಆಗಾಗ’ ಎಂದಷ್ಟೇ ಬರೆಯಬೇಡಿ. ಹಾರಿದ ಎಷ್ಟು ಹೊತ್ತಿಗೆ, ಯಾವ ಆರ್‌ಪಿಎಂನಲ್ಲಿ, ಎಡಕ್ಕೆ ತಿರುಗುವಾಗಲೋ ಬಲಕ್ಕೋ, ಮಳೆಯ ಮಾರನೆಯ ದಿನವೋ, ಇನ್ನೊಂದು ರೇಡಿಯೊ ಆಗ ಏನು ತೋರಿಸುತ್ತಿತ್ತು, ಇಷ್ಟನ್ನು ಬರೆಯಿರಿ. ಹ್ಯಾಂಗರಿನಲ್ಲಿ ಅರ್ಧ ಕೆಲಸ ಉಳಿತಾಯವಾಗುತ್ತದೆ.