ಗಾಳಿಯಲ್ಲಿ ಉಂಡೆಯಾದ ವಿಸ್ಕಿ

ಗುರುತ್ವಾಕರ್ಷಣೆಯ ಪಾಠಕ್ಕೆ ನಾನು ತರಗತಿಗೆ ಒಯ್ಯುವುದು ಟಿನ್‌ಟಿನ್ ಚಿತ್ರಕಥೆಯನ್ನು. ಬೆಲ್ಜಿಯಂನ ಎರ್ಜೆ ರಚಿಸಿದ ಚಂದ್ರಯಾತ್ರೆಯ ಎರಡು ಪುಸ್ತಕಗಳು ಬಂದದ್ದು 1953 ಮತ್ತು 1954ರಲ್ಲಿ. ಆಗಿನ್ನೂ ಸ್ಪುಟ್ನಿಕ್ ಕೂಡ ಹಾರಿರಲಿಲ್ಲ. ನನ್ನ ಬಳಿ ಇರುವುದು ಇಂಗ್ಲಿಷ್ ಪ್ರತಿ. ಚಿತ್ರ ತೋರಿಸುತ್ತ ಕಥೆಯನ್ನು ಕನ್ನಡದಲ್ಲೇ ಹೇಳುತ್ತೇನೆ.

ರಾಕೆಟ್ಟಿನಲ್ಲಿ ಕ್ಯಾಪ್ಟನ್ ಹ್ಯಾಡಕ್ ಗುಟ್ಟಾಗಿ ವಿಸ್ಕಿ ಕುಡಿಯಲು ಕೂತಿದ್ದಾನೆ. ಥಟ್ಟನೆ ಎಂಜಿನ್ ನಿಲ್ಲುತ್ತದೆ. ಗ್ಲಾಸಿನಿಂದ ವಿಸ್ಕಿ ಉಂಡೆಯಾಗಿ ಎದ್ದು ತೇಲತೊಡಗುತ್ತದೆ! ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಾನು ಅಲ್ಲೇ ಪುಟ ಹಿಡಿದು, ಹೀಗೇಕಾಯಿತು ಎಂದು ಕೇಳುತ್ತೇನೆ.

“ಅಲ್ಲಿ ಗುರುತ್ವಾಕರ್ಷಣೆ ಇಲ್ವಲ್ಲ, ಮಿಸ್.”

ಇದೆ. ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಭೂಮಿಯ ಸೆಳೆತ ನೆಲದ ಮೇಲಿನದರ ಶೇ. 90ರಷ್ಟಿದೆ. ಎಂಜಿನ್ ಓಡುವಾಗ ಗ್ಲಾಸಿನ ತಳ ವಿಸ್ಕಿಯನ್ನು ತಳ್ಳುತ್ತಿರುತ್ತದೆ. ಅದು ನಿಂತೊಡನೆ ರಾಕೆಟ್, ಗ್ಲಾಸು, ವಿಸ್ಕಿ, ಹ್ಯಾಡಕ್ ಎಲ್ಲರೂ ಒಂದೇ ಓಟದಲ್ಲಿ ಸಾಗುತ್ತಾರೆ. ಯಾರ ಭಾರವೂ ಯಾರ ಮೇಲೂ ಬೀಳುವುದಿಲ್ಲ. ದ್ರವದ ಮೇಲ್ಮೈ ಎಳೆತ ಅದನ್ನು ಉಂಡೆ ಕಟ್ಟುತ್ತದೆ. ಪಠ್ಯದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ಮಗು ಇದನ್ನು ಮರೆತೀತು, ಹ್ಯಾಡಕ್‌ನನ್ನು ನೋಡಿದ ಮಗು ಮರೆಯುವುದಿಲ್ಲ.

ಒಳ್ಳೆಯ ಸಾಹಸಕಥೆಯಲ್ಲಿ ವಿಜ್ಞಾನವೇ ಅಪಾಯ ತರಬೇಕು ಎಂಬುದು ನನ್ನ ದೃಢ ನಂಬಿಕೆ. ಇಲ್ಲಿ ನಾಲ್ವರಿಗೆಂದು ಆಮ್ಲಜನಕ ತುಂಬಿದ್ದಾರೆ. ಹೊರಡುವ ಹೊತ್ತನ್ನು ತಪ್ಪಾಗಿ ತಿಳಿದ ಪತ್ತೇದಾರರಿಬ್ಬರು, ಅಡಗಿ ಬಂದ ಶತ್ರುವೊಬ್ಬ ಸೇರಿ ಏಳು ಜನ. ಉಳಿದ ಗಾಳಿಯ ಲೆಕ್ಕವನ್ನು ಮಕ್ಕಳು ತಾವಾಗಿಯೇ ಮಾಡತೊಡಗುತ್ತಾರೆ.

ತಪ್ಪುಗಳೂ ಇವೆ. ಎರ್ಜೆಯ ಚಂದ್ರನಲ್ಲಿ ಬೆಟ್ಟಗಳು ಚೂಪು. ಅಪೊಲೊ ಫೋಟೊಗಳಲ್ಲಿ ಅವು ಸವೆದು ದುಂಡಗಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮಕ್ಕಳಿಂದಲೇ ಕಂಡುಹಿಡಿಸುತ್ತೇನೆ.

ಇಳಿಯುವ ಮುನ್ನ ಟಿನ್‌ಟಿನ್‌ನ ರಾಕೆಟ್ ಹಿಂದುಮುಂದಾಗಿ ತಿರುಗಿ, ಎಂಜಿನ್ನಿನ ಬಲದಿಂದಲೇ ವೇಗ ತಗ್ಗಿಸಿಕೊಳ್ಳುತ್ತದೆ. 2023ರ ಆಗಸ್ಟ್ 23ರಂದು ನಮ್ಮ ವಿಕ್ರಮ್ ಲ್ಯಾಂಡರ್ ಇಳಿದದ್ದೂ ಇದೇ ತತ್ವದಿಂದ. 30 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1.68 ಕಿ.ಮೀ. ವೇಗದಲ್ಲಿದ್ದ ಅದು, ಹೆಚ್ಚುಕಡಿಮೆ 19 ನಿಮಿಷದಲ್ಲಿ ನೆಲ ಮುಟ್ಟಿತು. ಬೆಂಗಳೂರಿನ ಪೀಣ್ಯದ ಇಸ್ಟ್ರಾಕ್ ಕೇಂದ್ರದಲ್ಲಿ ಕೂತವರು ಉಸಿರು ಬಿಗಿಹಿಡಿದು ನೋಡಿದ ನಿಮಿಷಗಳವು. ಕನ್ನಡದ ಕಥೆಗಾರರೇ, ಚಿತ್ರಕಾರರೇ, ಜೊತೆಯಾಗಿ ಕೂತು ಆ 19 ನಿಮಿಷಗಳನ್ನು ನಮ್ಮ ಮಕ್ಕಳಿಗೊಂದು ಚಿತ್ರಕಥೆ ಮಾಡಿಕೊಡಿ.