ಅಗೆಯದೆ ದೊರೆಯುವ ನಿಧಿ

ನಿಧಿಯೆಂಬ ಮಾತಿಗೆ ಮರುಳಾಗದವರು ವಿರಳ. ಹಾಳುಗುಡಿಯ ಮುಂದೆ, ಹಳೆಯ ಕೋಟೆಯ ಬುಡದಲ್ಲಿ ಕೊಪ್ಪರಿಗೆ ಹೊನ್ನು ಹೂತಿದೆಯೆಂಬ ಕಥೆ ನಮ್ಮ ನಾಡಿನಲ್ಲಿ ಊರೂರಿಗೂ ಉಂಟು. ಅದನ್ನು ನಂಬಿ ಇರುಳಿನಲ್ಲಿ ನೆಲವನ್ನು ಅಗೆದವರಿಗೆ ಹೊನ್ನು ದೊರೆಯಿತೋ ಇಲ್ಲವೋ, ಊರಿಗೆ ಮಾತ್ರ ಒಡೆದ ವಿಗ್ರಹಗಳೂ ಉರುಳಿದ ಕಲ್ಲುಗಳೂ ಉಳಿದವು. ನಿಧಿಯನ್ನು ಅರಸಲು ಇದಕ್ಕಿಂತ ಮೇಲಾದ ಮಾರ್ಗವೊಂದುಂಟು.

ಭೂಮಿಯ ಮೇಲಣ ಯಾವುದೇ ಸ್ಥಳವನ್ನು ಅಕ್ಷಾಂಶ, ರೇಖಾಂಶಗಳಿಂದ ಗುರುತಿಸಬಹುದು. ಉಪಗ್ರಹಗಳ ಸಂಕೇತಗಳನ್ನು ಗ್ರಹಿಸಿ ಇವನ್ನು ತಿಳಿಸುವ ವ್ಯವಸ್ಥೆಯೇ ಜಿ.ಪಿ.ಎಸ್. ಸಾಮಾನ್ಯ ಜನರಿಗೆ ದೊರೆಯುತ್ತಿದ್ದ ಸಂಕೇತಗಳಲ್ಲಿ ಅಮೆರಿಕ ಸರ್ಕಾರವು ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ನೆಯ ಇಸವಿಯ ಮೇ ತಿಂಗಳಿನಲ್ಲಿ ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬಾತನು ಆರೆಗಾನ್ ರಾಜ್ಯದ ಕಾಡಿನಲ್ಲಿ ಕೆಲವು ವಸ್ತುಗಳಿದ್ದ ಬಕೆಟೊಂದನ್ನು ಅಡಗಿಸಿ, ಅದರ ನೆಲೆಯನ್ನು ಅಂಕಿಗಳಲ್ಲಿ ಪ್ರಕಟಿಸಿದನು. ‘ಜಿಯೋಕ್ಯಾಚಿಂಗ್’ ಎಂಬ ಆಟ ಹುಟ್ಟಿದ್ದು ಹೀಗೆ. ಅಡಗಿಸಿದ ಡಬ್ಬಿಯನ್ನು ಕಂಡವರು ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಅದನ್ನು ಇದ್ದಲ್ಲಿಯೇ ಇಟ್ಟು ಬರಬೇಕು. ಡಬ್ಬಿಯಲ್ಲಿ ಬೆಲೆಬಾಳುವುದೇನೂ ಇರುವುದಿಲ್ಲ. ಆದರೆ ಅದನ್ನರಸಿ ಹೊರಟವನು ತಾನೆಂದೂ ನೋಡದಿದ್ದ ಹಳೆಯ ಸೇತುವೆಯನ್ನೋ ಪಾಳುಬಿದ್ದ ಕೋಟೆಯನ್ನೋ ಕಂಡು ಬರುತ್ತಾನೆ. ಆಟದ ನಿಜವಾದ ಫಲ ಅದೇ.

ನಮ್ಮ ನಾಡಿನಲ್ಲಿ ಡಬ್ಬಿಯನ್ನು ಅಡಗಿಸುವ ಅಗತ್ಯವೂ ಇಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯನ್ನೇ ನೋಡಿರಿ. ಮಧುಗಿರಿಯ ಬೆಟ್ಟದ ಕೋಟೆ, ಶಿರಾದ ಮಲಿಕ್ ರಿಹಾನನ ಗೋರಿ, ನಿಡುಗಲ್ಲು ದುರ್ಗ ಇವು ಹೆಸರಾದವು. ಬಲಸಮುದ್ರದಂತಹ ಊರಿನ ಹೆಸರೂ ಒಂದು ಸುಳಿವೇ. ಕಡಲಿಲ್ಲದ ಬಯಲುಸೀಮೆಯಲ್ಲಿ ‘ಸಮುದ್ರ’ವೆಲ್ಲಿಂದ ಬಂದಿತು? ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ಹಿಂದಿನವರ ರೂಢಿ. ಇನ್ನು ಹೊಲದ ಬದುವಿನಲ್ಲಿಯೋ ಕೆರೆಯ ಏರಿಯ ಮೇಲೆಯೋ ವೀರಗಲ್ಲು ಕಾಣಬಹುದು. ಸಾಮಾನ್ಯವಾಗಿ ಅದರ ಕೆಳಹಂತದಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಮತ್ತು ಸೂರ್ಯಚಂದ್ರರು. ಊರಿನ ದನಗಳನ್ನು ಬಿಡಿಸಲು ಹೋರಾಡಿ ಮಡಿದ ಸಾಮಾನ್ಯನ ಹೆಸರು ಉಳಿದಿರುವುದು ಎಷ್ಟೋ ವೇಳೆ ಇಂತಹ ಕಲ್ಲಿನಲ್ಲಿ ಮಾತ್ರ.

ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಅಚ್ಚು ಮಾಡಿಸಿದರು. 1904ರಲ್ಲಿ ಪ್ರಕಟವಾದ ಅದರ 12ನೆಯ ಸಂಪುಟವು ತುಮಕೂರು ಜಿಲ್ಲೆಗೆ ಮೀಸಲು. ಆದರೆ ಅಂದಿನವರು ಕಲ್ಲಿನ ನೆಲೆಯನ್ನು ಗುಡಿಯ ಬಳಿ, ಊರ ಮೂಡಣ ಹೊಲದಲ್ಲಿ ಎಂಬ ಮಾತುಗಳಲ್ಲಿ ತಿಳಿಸಬೇಕಾಗಿತ್ತು. ಹೊಲ ಕೈಬದಲಾಗುತ್ತದೆ, ಗುಡಿ ಬೀಳುತ್ತದೆ, ರಸ್ತೆ ಅಗಲವಾಗುತ್ತದೆ. ಪುಸ್ತಕದಲ್ಲಿ ಓದಿದ ಕಲ್ಲು ನೆಲದ ಮೇಲೆ ಕಾಣದಾಗುತ್ತದೆ. ಅಂಕಿಗಳಲ್ಲಿ ಬರೆದ ನೆಲೆಯಾದರೋ ಹೀಗೆ ಅಳಿಯುವುದಿಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಲ್ಲೊಂದು ಇದಕ್ಕೆ ನಿದರ್ಶನ. ಅದು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. 750ರದು. ಕಿತ್ತಯ್ಯನೆಂಬ ವೀರನ ಮರಣವನ್ನು ಅದು ಸಾರುತ್ತದೆ. ಇತಿಹಾಸಾಸಕ್ತರೂ ಊರಿನವರೂ ಸೇರಿ ಅದನ್ನು ಉಳಿಸಿದರು. ಮುಂದೆ ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಗಳನ್ನು ಹುಡುಕಿ, ಗಣಕಯಂತ್ರದ ನೆರವಿನಿಂದ ಅವುಗಳ ಮೂರು ಆಯಾಮದ ಪ್ರತಿರೂಪಗಳನ್ನು ಸಿದ್ಧಪಡಿಸುವ ಕಾರ್ಯವನ್ನು ಕೈಗೊಂಡಿತು.

ಈ ಕೆಲಸವನ್ನು ನೀವೂ ಮಾಡಬಹುದು. ಹೊಲದೊಡೆಯರ ಒಪ್ಪಿಗೆ ಪಡೆದು, ಹಿರಿಯರೊಡನೆ ಹೋಗಿರಿ. ಕಲ್ಲಿನ ನೆಲೆಯನ್ನು ಮೊಬೈಲ್ ಫೋನಿನಲ್ಲಿ ನೋಡಿ ಬರೆದುಕೊಳ್ಳಿರಿ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಚಿತ್ರ ತೆಗೆದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಬಣ್ಣ, ಸುಣ್ಣ, ಎಣ್ಣೆಗಳನ್ನು ಬಳಿಯಬೇಡಿರಿ, ಕಲ್ಲನ್ನು ಕದಲಿಸಬೇಡಿರಿ, ನೆಲವನ್ನು ಅಗೆಯಬೇಡಿರಿ. ಊರಿನವರು ಅದನ್ನು ಏನೆಂದು ಕರೆಯುತ್ತಾರೆಂಬುದನ್ನು ಕೇಳಿ ಬರೆದಿಡಿರಿ.

ನೆಲೆಯನ್ನು ಬಹಿರಂಗಪಡಿಸಿದರೆ ಕಳ್ಳರಿಗೆ ದಾರಿ ತೋರಿದಂತಾಗದೆ ಎಂದು ಕೆಲವರು ಕೇಳಬಹುದು. ಈ ಶಂಕೆ ಸಹಜವೇ. ಆದುದರಿಂದ ವಿವರಗಳನ್ನು ಮೊದಲು ಶಾಲೆಗೂ ಗ್ರಾಮ ಪಂಚಾಯಿತಿಗೂ ಪುರಾತತ್ತ್ವ ಇಲಾಖೆಗೂ ಒಪ್ಪಿಸುವುದು ಲೇಸು. ಆದರೆ ಯಾರೂ ಅರಿಯದ ಕಲ್ಲು ಕಾಣೆಯಾದರೆ ಕೇಳುವವರಿಲ್ಲ. ಊರೆಲ್ಲ ಬಲ್ಲ ಕಲ್ಲಿಗೆ ಊರೇ ಕಾವಲು. ಅಗೆದು ಒಯ್ದ ನಿಧಿ ಒಬ್ಬನ ಪಾಲು. ಅರಿತು ಉಳಿಸಿದ ನಿಧಿ ಎಲ್ಲರ ಸೊತ್ತು.